ಮೂರು ಗಂಟಿನ ಬಟ್ಟೆ

ಆಗಸ್ಟ್ ೧೧, ಸೋಮವಾರ

ನಮ್ಮ ಮನೆಯ ಪೈಪಿನವರಿಗೆ,

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣಿಸಿದರೆ ಕಾಣಿಸಲಿ. ನಿಮ್ಮನ್ನು ವಾಪಸ್ ಕರೆಯಲು ಬರೆದ ಕಾಗದ ಇದಲ್ಲ. ಹಿತ್ತಿಲಲ್ಲಿ ನೀರು ನಿಂತಿದೆ, ಅದರ ವಿಚಾರ ಮಾತ್ರ.

ನೀವು ಹೋಗಿ ನಿಮ್ಮ ಅಣ್ಣನ ಮನೆ ಸೇರಿ ಎರಡು ತಿಂಗಳಾಯಿತು. ಮಳೆ ಹಿಡಿದು ಮೂರು ವಾರ. ಅಂದಿನಿಂದ ನೀರು ಇಳಿಯುತ್ತಿಲ್ಲ. ಟೊಮೆಟೊ ಸಾಲು ಪೂರ್ತಿ ಕೊಳೆಯಿತು. ಹೆಜ್ಜೆ ಇಟ್ಟರೆ ಚಪ್ಪಲಿ ಕೆಸರಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಮದುವೆಯಾದ ವರ್ಷ ನೀವು ನೆಟ್ಟ ನಿಂಬೆ ಗಿಡದ ಎಲೆ ಹಳದಿಯಾಗಿ ಉದುರುತ್ತಿದೆ. ನರ್ಸರಿಯಾಕೆ ಬಂದು ಬುಡದ ಮಣ್ಣು ಕೆದಕಿ ಮೂಸಿ ನೋಡಿ, “ಬೇರು ಕೊಳೀತಾ ಇದೆ ಅಕ್ಕ, ಇನ್ನೊಂದು ವಾರ ಹೀಗೇ ನೀರು ನಿಂತ್ರೆ ಗಿಡದ ಆಸೆ ಬಿಟ್ಬಿಡಿ” ಅಂದಳು.

ಮೊದಲು ನನಗೆ ಅನುಮಾನ ಬಂದದ್ದು ಪಕ್ಕದ ಮನೆಯ ದರ್ಜಿಯ ಮೇಲೆ. ಹೋದ ವರ್ಷ ಅವನು ಮಣ್ಣು ಹಾಕಿಸಿ ಅಂಗಳ ಎತ್ತರಿಸಿದ್ದನಲ್ಲ. ಎರಡು ದಿನ ಗೋಡೆಯ ಮೇಲಿಂದ ಇಣುಕಿ ಕಣ್ಣಿಟ್ಟೆ. ಅವನ ನೀರೆಲ್ಲ ಆಚೆ ಬೀದಿಗೇ ಹರಿಯುತ್ತದೆ, ನಮ್ಮ ಕಡೆ ಒಂದು ಹನಿಯೂ ಇಲ್ಲ. ಮೂರನೇ ದಿನ ಅವನೇ, “ಏನಾದ್ರೂ ಹೊಲಿಸೋದಿತ್ತಾ ಮೇಡಂ?” ಎಂದು ಕೇಳಿದ. ಮುಖ ಎಲ್ಲಿಡುವುದೆಂದು ತಿಳಿಯದೆ ಎರಡು ದಿಂಬಿನ ಚೀಲ ಹೊಲಿಯಲು ಕೊಟ್ಟು ಬಂದೆ.

ಆಮೇಲೆ ನೀವು ಗಿರಾಕಿಗಳ ಮನೆಯಲ್ಲಿ ಮಾಡುವ ಪರೀಕ್ಷೆಯನ್ನೇ ಮಾಡಿದೆ. ಸ್ವಲ್ಪ ಬಿಸಿಲು ಬಂದ ದಿನ ಮೊಣಕೈ ಆಳದ ಎರಡು ಗುಂಡಿ ತೋಡಿದೆ, ಗೇಟಿನ ಹತ್ತಿರ ಒಂದು, ನಿಂಬೆಯ ಹತ್ತಿರ ಒಂದು. ಎರಡಕ್ಕೂ ಒಂದೊಂದು ಬಕೆಟ್ ನೀರು. ಗೇಟಿನ ಗುಂಡಿ ನಾನು ಚಹಾ ಕುಡಿದು ಬರುವಷ್ಟರಲ್ಲಿ ಖಾಲಿ. ನಿಂಬೆಯದ್ದು ಸಂಜೆಯಾದರೂ ಹಾಗೇ ಇತ್ತು. ಮಣ್ಣು ಎರಡು ಕಡೆಯೂ ಒಂದೇ. ಅಂದ ಮೇಲೆ ತಪ್ಪು ಮಣ್ಣಿನದಲ್ಲ, ಮಳೆನೀರು ಬಸಿದು ಹೋಗಲೆಂದು ನಿಂಬೆಯ ಪಕ್ಕ ಜಲ್ಲಿ ತುಂಬಿ ನೀವೇ ಹೂತಿಟ್ಟ ತೂತಿನ ಪೈಪಿನದು.

ಹಿಂದಿನ ಓಣಿಗೆ ಹೋಗಿ, ಪೈಪು ಚರಂಡಿಗೆ ತೆರೆಯುವ ಕಡೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ. ಬಾಯಿಗೆ ಬಟ್ಟೆ ತುರುಕಿದೆ. ನಿಮ್ಮ ನೀಲಿ ಅಂಗಿಯ ತೋಳು. ಮೂರು ಗಂಟು, ಅದೂ ನಿಮ್ಮ ಗಂಟೇ.

ಪೈಪು ತೊಳೆಯುವಾಗ ಕೆಸರು ಓಣಿಗೆ ಹೋಗಬಾರದೆಂದು ನೀವು ಹಾಗೆ ಬಟ್ಟೆ ತುರುಕುವುದು ನನಗೆ ಗೊತ್ತು. ಮನೆ ಬಿಟ್ಟ ಬೆಳಿಗ್ಗೆ ಅದೇ ಕೆಲಸ ಮಾಡುತ್ತಿದ್ದಿರಿ. ಆದರೆ ತೆಗೆಯಲು ಮರೆತೆ ಎಂದು ನನ್ನ ಕಿವಿಗೆ ಹೂವಿಡಬೇಡಿ. ಬಟ್ಟೆ ತುರುಕಿದ ಕೂಡಲೇ ಎಡಗೈಗೆ ಕೆಂಪು ದಾರ ಕಟ್ಟಿಕೊಳ್ಳುವವರು ನೀವು, ಬಟ್ಟೆ ತೆಗೆದ ಮೇಲೆಯೇ ಅದನ್ನು ಬಿಚ್ಚುವುದು. ಒಮ್ಮೆ ಊಟದ ಮಧ್ಯೆ ಆ ದಾರ ಕಣ್ಣಿಗೆ ಬಿದ್ದು, ಎಂಜಲು ಕೈಯಲ್ಲೇ ಎದ್ದು ಗಿರಾಕಿಯ ಮನೆಗೆ ಓಡಿದ್ದಿರಿ. ಅಂಥವರು ಸ್ವಂತ ಮನೆಯದ್ದನ್ನು ಮರೆಯುತ್ತೀರಾ? ಬೇಕೆಂದೇ ಬಿಟ್ಟು ಹೋಗಿದ್ದೀರಿ. ಹಿತ್ತಿಲು ಮುಳುಗಿದಾಗ ನಾನೇ ಗೋಗರೆಯುತ್ತಾ ಬರಲಿ ಅಂತ. ನಿಮ್ಮ ಅತ್ತಿಗೆ ಬೇರೆ ಫೋನಿನಲ್ಲಿ, “ಬೆಳಗಾದ್ರೆ ಸಾಕು, ನಿಂಬೆ ಗಿಡ ಹೇಗಿದ್ಯೋ ಅಂತ ಗೊಣಗ್ತಾನೇ ಇರ್ತಾನೆ” ಅಂದರು. ನನ್ನನ್ನು ವಿಚಾರಿಸಲಿಲ್ಲ, ಗಿಡವನ್ನು ಮಾತ್ರ. ಆಗಲೇ ನನ್ನ ಕಿವಿ ನೆಟ್ಟಗಾಯಿತು.

ಜಗಳದ ವಿಚಾರ ಎತ್ತಬಾರದು ಅಂದುಕೊಂಡಿದ್ದೆ, ಆಗುತ್ತಿಲ್ಲ. ನಿಮ್ಮ ಜೇಬಿನಲ್ಲಿ ಸಿಕ್ಕಿದ ಕೀಲಿ ಯಾರದೆಂದು ಕೇಳಿದ್ದು ತಪ್ಪಲ್ಲ. ಲಾಂಡ್ರಿಯವರ ಪಂಪ್ ಕೋಣೆಯದು ಎಂದು ನೀವು ಹೇಳಿದ ಮೇಲೂ ಹತ್ತು ಸಲ ಕೇಳಿದ್ದು ತಪ್ಪು. ಬೆನ್ನ ಹಿಂದೆ ಅಲ್ಲಿಗೇ ಹೋಗಿ, ಆ ಬೀಗಕ್ಕೆ ಕೀಲಿ ಹಾಕಿ ತಿರುಗಿಸಿ ನೋಡಿದ್ದು ಇನ್ನೂ ದೊಡ್ಡ ತಪ್ಪು. ತಿರುಗಿತು. ಅದನ್ನು ನಿಮಗೆ ಲಾಂಡ್ರಿಯವರು ಹೇಳುವ ಮೊದಲು ನಾನೇ ಹೇಳಬೇಕಿತ್ತು. ನನಗೆ ನಾಚಿಕೆಯಾಗಿದೆ.

ಆದರೂ ಹಿತ್ತಿಲಿನ ವಿಚಾರದಲ್ಲಿ ನಾನು ಸೋಲುವುದಿಲ್ಲ. ಬಟ್ಟೆ ಅಲ್ಲೇ ಇದೆ. ತುರುಕಿದವರೇ ಬಂದು ತೆಗೆಯಲಿ. ನರ್ಸರಿಯಾಕೆ ಕೊಟ್ಟ ವಾರದಲ್ಲಿ ಎರಡು ದಿನ ಆಗಲೇ ಕಳೆದಿದೆ.

ಇಂತಿ,
ನೀವೇ ಹೆಸರಿಟ್ಟ,
ಪತ್ತೇದಾರಿ

ಮರೆತಿದ್ದೆ: ಲಕೋಟೆಯನ್ನು ಕೊಡವಿ ನೋಡಿ, ಕೆಂಪು ದಾರ ಇದೆ. ಆ ದಿನ ಬಾಗಿಲಲ್ಲಿ ಹೋಗಬೇಡಿ ಎಂದು ನಿಮ್ಮ ಕೈ ಹಿಡಿದು ಎಳೆದೆನಲ್ಲ, ಆಗ ಕಿತ್ತು ನನ್ನ ಮುಷ್ಟಿಯಲ್ಲಿ ಉಳಿದದ್ದು. ಎರಡು ತಿಂಗಳಿಂದ ನನ್ನ ಕನ್ನಡಕದ ಡಬ್ಬಿಯಲ್ಲಿತ್ತು. ಕಟ್ಟಿಕೊಂಡು ಬನ್ನಿ.