ಓದದೆ ಬಿಟ್ಟ ಎರಡು ಸಾಲು

ಪ್ರೀತಿಯ ಅಕ್ಕ,

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಅಲ್ಲಿಗೇ ಸುಮ್ಮನಾಗಿಬಿಡುತ್ತೇನೆ. ಕಾಗದದಲ್ಲಾದರೆ ಕೊನೆಯವರೆಗೂ ನನ್ನದೇ ಮಾತು.

ಮೊದಲು ಮುಖ್ಯ ವಿಷಯ. ಬ್ರೇಕ್ ಹಾಕಿದಾಗ ಕಾರು ನಡುಗುತ್ತಿದ್ದದ್ದು ನಿನ್ನ ಕಾಲಿನಿಂದಲ್ಲ.

ನೀನು ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್ ಕೆಲಸಕ್ಕೆ ಸೇರಿದಾಗ ಅಪ್ಪ ತಮ್ಮ ಹಳೆಯ ಕಾರನ್ನು ನಿನಗೆ ಕೊಟ್ಟರಲ್ಲ, ಕೊಡುವ ಮುಂಚೆ ಮುಂದಿನ ಚಕ್ರಗಳ ಬ್ರೇಕ್ ಡಿಸ್ಕ್‌ಗಳನ್ನು ತಾವೇ ಬದಲಾಯಿಸಿದ್ದರು. ಮೂರು ತಿಂಗಳು ಎಲ್ಲ ಸರಿಯಿತ್ತು. ಆಮೇಲೊಂದು ದಿನ ನೀನು ಬಂದು, "ವೇಗದಲ್ಲಿ ಬ್ರೇಕ್ ಒತ್ತಿದ್ರೆ ಸ್ಟಿಯರಿಂಗು ಜರಡಿ ಆಡಿಸಿದ ಹಾಗೆ ಆಡುತ್ತಪ್ಪ" ಅಂದೆ. ಊರೊಳಗೆ ನಲವತ್ತು ಕಿಲೋಮೀಟರ್ ವೇಗ ದಾಟದ ಅಪ್ಪನ ಕೈಯಲ್ಲಿ ಅದು ಒಮ್ಮೆಯೂ ನಡುಗಲಿಲ್ಲ. "ಹೊಸ ಡಿಸ್ಕ್ ಹಾಕಿದ್ದೀನಿ. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸಿದ್ರೆ ಇನ್ನೇನಾಗುತ್ತೆ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಅಂದರು. ನೀನು ನಕ್ಕೆ. ಆದರೆ ಕೀಲಿಕೈಯನ್ನು ಮೇಜಿನ ಮೇಲಿಟ್ಟವಳು ಮತ್ತೆ ಎತ್ತಿಕೊಳ್ಳಲಿಲ್ಲ. ಅಂದಿನಿಂದ ಯಾರ ಕಾರು ಹತ್ತಿದರೂ ಹಿಂದಿನ ಸೀಟಿನಲ್ಲೇ ಕೂರುತ್ತೀಯ. ನಾನು ಗಮನಿಸಿದ್ದೇನೆ.

ಹೋದ ವಾರ ನೀನು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. "ಆಸ್ಪತ್ರೆಯವರು ದೂರದ ರೋಗಿಗಳನ್ನೆಲ್ಲ ನನಗೇ ಒಪ್ಪಿಸ್ತಾರಂತೆ. ಕಾರು ಓಡಿಸಬೇಕಂತೆ. ಮುಂದಿನ ವಾರ ಶುಕ್ರವಾರ ಆಗಲ್ಲ ಅಂತ ಬರೆದುಕೊಡ್ತೀನಿ. ನಂದು ಕಾರು ಓಡಿಸೋ ಕಾಲಲ್ಲ ಬಿಡಮ್ಮ." ಆ ಕೆಲಸಕ್ಕೆ ನೀನು ಎಷ್ಟು ಆಸೆಪಟ್ಟಿದ್ದೆ ಎಂದು ನನಗೆ ಗೊತ್ತು.

ಮಾರನೆಯ ಬೆಳಿಗ್ಗೆಯೇ ಕಾರನ್ನು ಹಿಂದಿನ ಬೀದಿಯ ಮೆಕ್ಯಾನಿಕ್ ಹತ್ತಿರ ಒಯ್ದೆ. ಬೀದಿಯವರೆಲ್ಲ ಅವರನ್ನು ನಿಧಾನಪ್ಪ ಎನ್ನುತ್ತಾರೆ. ಅವರು ಬಾನೆಟ್ ಕೂಡ ತೆರೆಯದೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೊರಟರು. ಎಂಬತ್ತರಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದರು, ಸ್ಟಿಯರಿಂಗ್ ನಡುಗಿತು. ಖಾಲಿ ರಸ್ತೆ ನೋಡಿ ಹ್ಯಾಂಡ್‌ಬ್ರೇಕ್ ಅನ್ನು ಇಷ್ಟಿಷ್ಟೇ ಎಳೆದರು, ನಡುಕವೇ ಬರಲಿಲ್ಲ. "ಇದು ಹಿಂದಿನ ಚಕ್ರ ಹಿಡಿಯುತ್ತೆ. ಹಿಂದೆ ಎಲ್ಲ ಸುಮ್ಮನಿದೆ. ಕಳ್ಳ ಮುಂದೆ ಕೂತಿದ್ದಾನೆ" ಅಂದರು. ಅಕ್ಕನ ಕಾಲು ಭಾರ ಅಂತಾರೆ ಅಪ್ಪ ಎಂದು ಗೊಣಗಿದೆ. ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿ, ಬ್ರೇಕ್ ಒತ್ತಿದಾಗ ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡ್‌ಗಳನ್ನು ತೋರಿಸಿದರು. "ಕಾಲು ಭಾರ ಇದ್ದಿದ್ರೆ ಇವು ಸವೆದು ಹಪ್ಪಳ ಆಗಿರೋವು. ನಿಮ್ಮಪ್ಪನ ಬಾಯಿ ಭಾರ ಕಣಮ್ಮ!"

ಆಮೇಲೆ ಗಡಿಯಾರದಂಥ ಒಂದು ಅಳತೆಯ ಉಪಕರಣವನ್ನು ಡಿಸ್ಕ್‌ಗೆ ತಾಗಿಸಿ, ಡಿಸ್ಕನ್ನು ಕೈಯಲ್ಲೇ ತಿರುಗಿಸಿದರು. ಐದು ಗೀಟು ದಾಟಬಾರದ ಮುಳ್ಳು ಹನ್ನೆರಡಕ್ಕೆ ಹೋಗಿ ಬಂತು. ಡಿಸ್ಕ್ ಕಳಚಿದರೆ, ಅದು ಕೂರುವ ಉಕ್ಕಿನ ಮುಖದ ಮೇಲೆ ಸಾಸಿವೆ ಸಿಪ್ಪೆಯಷ್ಟು ದಪ್ಪ ಹಳೆಯ ತುಕ್ಕು. "ಯಾರೋ ಇದನ್ನ ಉಜ್ಜದೇನೇ ಮೇಲೆ ಡಿಸ್ಕ್ ಕೂರಿಸಿದ್ದಾರೆ. ಮೊದಮೊದಲು ಗೊತ್ತಾಗಲ್ಲ. ಓಲಾಡ್ತಾ ಓಲಾಡ್ತಾ ಒಂದು ಕಡೆ ತೆಳ್ಳಗಾಗುತ್ತೆ, ಆಗ ಶುರು ನಡುಕ."

ಆ ಡಿಸ್ಕ್ ಹಾಕಿದ ದಿನ ಅಪ್ಪನ ಕೈ ತುಂಬ ಗ್ರೀಸ್, ಕನ್ನಡಕ ಜಾರುತ್ತಿತ್ತು; ರಿಪೇರಿ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದವಳು ನಾನು. ಮನೆಗೆ ಓಡಿ ಪುಟ ತೆರೆದೆ. ಡಿಸ್ಕ್ ಕೂರುವ ಮುಖದ ತುಕ್ಕನ್ನು ಪೂರ್ತಿ ಉಜ್ಜಿ ತೆಗೆಯಿರಿ, ಕೂರಿಸಿದ ಮೇಲೆ ಓಲಾಟ ಅಳೆಯಿರಿ ಎಂದು ಎರಡು ಸಾಲು ಅಲ್ಲಿತ್ತು. ಅದೇ ಪುಟದಲ್ಲಿ ಒರೆಸಿ, ಉಜ್ಜಿ, ಸ್ವಚ್ಛಗೊಳಿಸಿ ಎಂದು ಆಗಲೇ ನಾಲ್ಕು ಸಲ ಬಂದಿತ್ತು. ಬರೆದವನಿಗೆ ಬರೆಯಲು ಬರುವುದಿಲ್ಲ, ಬರೀ ಪುನರುಕ್ತಿ ಎಂದುಕೊಂಡು ಹಾರಿಸಿಬಿಟ್ಟಿದ್ದೆ, ಅಕ್ಕ. ನನ್ನ ಸಾಹಿತ್ಯದ ಪದವಿ ಮನೆಗೆ ಉಪಯೋಗಕ್ಕೆ ಬಂದದ್ದು ಹೀಗೆ. ಅಪ್ಪ "ಮುಂದಕ್ಕೆ?" ಅಂದರು, ನಾನು ಮುಂದಕ್ಕೆ ಹೋದೆ. ಓದಿದ್ದರೆ ಅವರು ಖಂಡಿತ ಉಜ್ಜುತ್ತಿದ್ದರು.

ಅಪ್ಪ ನಿನ್ನನ್ನು ಅಂದಾಗ ನನಗೆ ಇದೆಲ್ಲ ಗೊತ್ತಿರಲಿಲ್ಲ, ನಿಜ. ಆದರೆ ನೀನು ಚೆನ್ನಾಗಿ ಓಡಿಸುತ್ತೀಯ ಎಂದು ಗೊತ್ತಿತ್ತು. ಎಷ್ಟು ಸಲ ನಿನ್ನ ಪಕ್ಕದಲ್ಲಿ ನಿದ್ದೆ ಮಾಡಿದ್ದೇನೆ! ಅಷ್ಟನ್ನಾದರೂ ಹೇಳಬಹುದಿತ್ತು. ಅಂದು ಓದುತ್ತಿದ್ದ ಕಾದಂಬರಿಯಿಂದ ತಲೆ ಎತ್ತಲಿಲ್ಲ. ಆ ಎರಡು ಸಾಲಿಗಿಂತ ಇದೇ ನನ್ನನ್ನು ಹೆಚ್ಚು ಚುಚ್ಚುತ್ತಿದೆ.

ಅಪ್ಪನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಗ್ಯಾರೇಜಿಗೆ ಬಂದು, ಆ ಡಿಸ್ಕನ್ನು ಮತ್ತೆ ಇದ್ದ ಹಾಗೇ ಕೂರಿಸಿ ತೋರಿಸಿ ಎಂದು ಕೇಳಿದರು. ಮುಳ್ಳು ಓಲಾಡುವುದನ್ನು ತುಂಬ ಹೊತ್ತು ನೋಡಿ, "ಪಾಪ, ಅವಳ ಕೈ ಎಷ್ಟು ನೊಂದಿರಬೇಕು" ಅಂದರು. ನಿಧಾನಪ್ಪ ಸ್ಪ್ಯಾನರ್ ಹುಡುಕುವವರ ಹಾಗೆ ಆಚೆ ಹೋದರು. ಅಂದಿನಿಂದ ಅಪ್ಪ ನಿನಗೆ ಕರೆ ಮಾಡಲು ಫೋನ್ ಕೈಗೆತ್ತಿಕೊಳ್ಳುತ್ತಾರೆ, ಕೆಳಗಿಡುತ್ತಾರೆ.

ಈಗ ನಿಧಾನಪ್ಪ ತುಕ್ಕು ಉಜ್ಜಿ, ಡಿಸ್ಕ್‌ಗಳನ್ನು ಲೇತ್ ಯಂತ್ರದಲ್ಲಿ ಹೆರೆದು ಸಮ ಮಾಡಿ ಹಾಕಿದ್ದಾರೆ. ಮುಳ್ಳು ಎರಡು ಗೀಟು ದಾಟುವುದಿಲ್ಲ. ಗುರುವಾರ ಮಧ್ಯಾಹ್ನ ಕಾರನ್ನು ನಿನ್ನ ಬಾಗಿಲಿಗೆ ತರುತ್ತೇನೆ. ನಿನ್ನ ಆಸ್ಪತ್ರೆಯ ಹತ್ತಿರದ ಇಳಿಜಾರಿನಲ್ಲಿ ಒಂದೇ ಒಂದು ಸಲ ಬ್ರೇಕ್ ಒತ್ತಿ ನೋಡು, ನಾನು ಪಕ್ಕದಲ್ಲಿರುತ್ತೇನೆ. ಶುಕ್ರವಾರ ನಿನಗೆ ತೋಚಿದ್ದು ಬರೆದುಕೊಡು. ಆಗಲ್ಲ ಎಂದೇ ಬರೆಯುವುದಾದರೆ, ಕಾರಣ ಬೇರೆ ಏನಾದರೂ ಇರಲಿ. ನಿನ್ನ ಕಾಲಿನ ಮೇಲೆ ಮಾತ್ರ ಹಾಕಬೇಡ.

ಚಿಕ್ಕವಳು ದೊಡ್ಡವಳನ್ನು ಹರಸಬಹುದೋ ಇಲ್ಲವೋ, ನಾನಂತೂ ಹರಸುತ್ತಿದ್ದೇನೆ: ನೀನು ಹೊರಟ ದಾರಿಯೆಲ್ಲ ನಿನ್ನ ಕೈಯಲ್ಲಿ ನೆಟ್ಟಗೆ ಸಾಗಲಿ.

ತಪ್ಪೊಪ್ಪಿಕೊಂಡು ಕಾದಿರುವ,
ನಿನ್ನ ತಂಗಿ