ರಕ್ತನಾಳದ ಫಲಕ

೧೬-೯-೨೦೦೮, ಮಂಗಳವಾರ. ಬೈರಕೂರು.

ಆ ಕನ್ನಡ ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಅಣ್ಣನ ಒಪ್ಪಿಗೆ ಕೇಳಿ ಬೆಂಗಳೂರಿನ ಆಸ್ಪತ್ರೆಯವರು ಕೊಟ್ಟಿರುವ ಕಾಗದದಲ್ಲಿ, 'ನಿಮ್ಮ ರಕ್ತನಾಳದ ಫಲಕವನ್ನು ನ್ಯಾನೋ ಕಣಗಳು ಕರಗಿಸುತ್ತವೆ' ಎಂದಿದೆ. ಇಂಗ್ಲಿಷಿನ ಪ್ಲಾಕ್ ಎಂಬುದಕ್ಕೆ ಯಾರೋ ನಿಘಂಟು ನೋಡಿ ಫಲಕ ಎಂದು ಬರೆದಿದ್ದಾರೆ. ನಾಳದಲ್ಲಿ ಕಟ್ಟಿರುವುದು ಜಿಡ್ಡು, ಬಸ್ ಸ್ಟಾಂಡಿನ ಬೋರ್ಡಲ್ಲ. ಇಷ್ಟು ತಿಳಿಯದವರು ಕಣ್ಣಿಗೆ ಕಾಣದ್ದನ್ನು ಅಣ್ಣನ ಎದೆಯೊಳಗೆ ಬಿಡುತ್ತಾರಂತೆ!

'ಪ್ರಯೋಗ' ಎಂಬ ಮಾತು ಮೂರನೆಯ ಪುಟದಲ್ಲಿ ಒಂದೇ ಸಲ ಬರುತ್ತದೆ, ಅದೂ ಇರುವೆಯಂಥ ಅಕ್ಷರದಲ್ಲಿ. ಕಾಗದ ತಂದಿದ್ದ ಹೆಂಗಸು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಣ್ಣನನ್ನು ಅಪ್ಪಾಜಿ ಅಂದಳು, ಎರಡು ಲೋಟ ಮಜ್ಜಿಗೆ ಕುಡಿದಳು, ಹೋದಳು. ನನಗೆ ಆ ಅಪ್ಪಾಜಿಯ ಮೇಲೇ ಹೆಚ್ಚು ಅನುಮಾನ.

ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ಕೈ ಸುಮ್ಮನಿರಲಿಲ್ಲ. ಕೆಂಪು ಪೆನ್ನಿನಲ್ಲಿ ಹನ್ನೊಂದು ತಪ್ಪು ತಿದ್ದಿದೆ. ಅಣ್ಣ ನಕ್ಕ.

"ಲೇ ತ್ರಿವೇಣಿ, ನಿನ್ ಮೇಡಂ ಬುದ್ಧಿ ಸ್ಕೂಲಲ್ಲಿಟ್ಕೊ. ಎದೆ ಕುಯ್ಯಲ್ಲ ಅಂದವ್ರೆ, ನಂಗಷ್ಟು ಸಾಕು."

"ಪ್ರಯೋಗ ಅಂದ್ರೆ ಏನು ಗೊತ್ತೇನಣ್ಣಾ?"

"ಗೊತ್ತು ಕಣೇ. ಯಾರಾದ್ರೂ ಒಬ್ರು ಮೊದ್ಲು ಹಾಕಿಸ್ಕೋಬೇಕಲ್ಲ."

ಆಗಲೇ ಸಹಿ ಹಾಕಿಬಿಟ್ಟಿದ್ದ. ಅದರ ಕೆಳಗೆ ಸಾಕ್ಷಿ ಎಂದು ನನ್ನ ಹೆಸರು ಅಚ್ಚಾಗಿದೆ. 'ಇದೆಲ್ಲವನ್ನೂ ರೋಗಿಗೆ ಓದಿ ಹೇಳಿದ್ದೇನೆ. ಅವರಿಗೆ ಪೂರ್ತಿ ಅರ್ಥವಾಗಿದೆ. ಮುಂದಿನದಕ್ಕೆ ಆಸ್ಪತ್ರೆ ಹೊಣೆಯಲ್ಲ.'

ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ಓದಿದೆ. ಈ ಮೂರು ವಾಕ್ಯಗಳಲ್ಲಿ ಮಾತ್ರ ಒಂದು ತಪ್ಪೂ ಇಲ್ಲ.