ಗೋಡೆ ನೆಕ್ಕಿದ ಎಮ್ಮೆಯ ಪರವಾಗಿ

ಮಾನ್ಯ ಪಶುವೈದ್ಯಾಧಿಕಾರಿಗಳೇ,

ತಮ್ಮ ಕಚೇರಿಯ ಹೊಸ ಸುಣ್ಣದ ಗೋಡೆಯನ್ನು ನೆಕ್ಕಿದ ಅಪರಾಧಕ್ಕಾಗಿ ನಮ್ಮ ತುಂಬುಗಬ್ಬದ ಎಮ್ಮೆಯನ್ನು ತಾವು ದೊಡ್ಡಿಗೆ ಸೇರಿಸಿದ್ದೀರಿ. ಅಪರಾಧವನ್ನು ನಾನು ಅಲ್ಲಗಳೆಯುವುದಿಲ್ಲ. ಕರಿ ಮುಸುಡಿಯ ತುಂಬ ಬಿಳಿ ಮೆತ್ತಿಕೊಂಡು ಆಕೆಯೇ ಸಾಕ್ಷ್ಯ ನುಡಿದಿದ್ದಾಳೆ. ಆದರೆ ಪ್ರೇರಣೆ ತಮ್ಮದು.

"ಎಂತ ಬೀಫಾತುಮ್ಮ, ಮನೆಯಲ್ಲಿ ಹುಲ್ಲಿಲ್ವಾ? ನಿಮ್ಮ ಎಮ್ಮೆ ಗೋಡೆ ತಿನ್ನುದಾ?" ಎಂದು ತಮ್ಮ ಜವಾನ ಜತ್ತಪ್ಪನವರು ನನ್ನ ತಾಯಿಯನ್ನು, ನಮ್ಮ ಉಮ್ಮನನ್ನು, ಛೇಡಿಸಿದರು.

"ಹುಲ್ಲು ಬೇಕಾದಷ್ಟು ಉಂಟು ಮಾರಾಯ್ರೆ. ನಿಮ್ಮ ಸಾಹೇಬ್ರು ಹೇಳಿದ ಹಾಗೆಯೇ ಹಾಕುದು. ಅದಕ್ಕೇ ಅದು ಅವರ ಬಾಗಿಲಿಗೆ ಬಂದದ್ದು!"

ಉಮ್ಮ ಹಾಸ್ಯಕ್ಕೆ ಆಡಿದ್ದನ್ನು ನಾನು ರಸಾಯನಶಾಸ್ತ್ರದಿಂದ ಸಮರ್ಥಿಸುತ್ತೇನೆ. ತಾವು ಊರಿಗೆ ಹಂಚಿದ ಕರಪತ್ರದ ಆದೇಶವೇನು? ಗಬ್ಬದ ಎಮ್ಮೆಗೆ ಒಣ ಬೈಹುಲ್ಲು ಯಥೇಚ್ಛ, ಅದರ ಮೇಲಿಷ್ಟು ಸುಣ್ಣದ ಪುಡಿ, ಹಸಿಮೇವು ಅನಗತ್ಯ. ಬೈಹುಲ್ಲಿನ ಒರಟು ನಾರಿನ ಜೊತೆಯಲ್ಲೇ ಆಕ್ಸಲೇಟ್ ಎಂಬ ಲವಣವಿದೆ. ಅದು ಸುಣ್ಣದ ಕ್ಯಾಲ್ಸಿಯಂ ಅನ್ನು ಹೊಟ್ಟೆಯಲ್ಲೇ ತಡೆದು, ರಕ್ತಕ್ಕೆ ಸೇರಗೊಡದೆ, ಸಗಣಿಯೊಂದಿಗೆ ಹೊರಗೆ ಸಾಗಿಸುತ್ತದೆ. ತಾವು ಕೊಡಿಸಿದ ಸುಣ್ಣದಿಂದ ಬಲಗೊಂಡದ್ದು ಎಮ್ಮೆಯ ಮೂಳೆಯಲ್ಲ, ನಮ್ಮ ಗೊಬ್ಬರದ ಗುಂಡಿ! ಮೈಗೆ ಸಿಗದ ಆ ಸುಣ್ಣವನ್ನೇ ಆಕೆ ತಮ್ಮ ಗೋಡೆಯಲ್ಲಿ ಹುಡುಕಿದಳು.

ನಂಬಿಕೆ ಬಾರದೇ? ಬೈಹುಲ್ಲು ನೆನೆಸಿದ ನೀರನ್ನು ಸೋಸಿ, ಅದಕ್ಕೆ ತಿಳಿ ಸುಣ್ಣದ ನೀರು ಬೆರೆಸಿ ನೋಡಿದೆ. ಬಿಳಿಯ ಗಸಿ ತಳದಲ್ಲಿ ನಿಂತಿತು. ವಿನೆಗರ್ ಸುರಿದರೂ ಕರಗಲಿಲ್ಲ; ಬರೀ ಸುಣ್ಣವಾಗಿದ್ದರೆ ಕರಗಬೇಕಿತ್ತು. ಪುತ್ತೂರಿನ ಕಾಲೇಜಿನಲ್ಲಿ ಈ ವಿಷಯದಲ್ಲಿ ನಾನೇ ಪ್ರಥಮಳು. ಬೇಕಾದರೆ ತರಗತಿಯ ಹುಡುಗರನ್ನು ವಿಚಾರಿಸಿ, ಅವರಿಗೆ ಆ ನೋವು ಇನ್ನೂ ಮಾಸಿಲ್ಲ.

ಈಗ ದೊಡ್ಡಿಯಲ್ಲಿ ಆಕೆಗೆ ಸಿಗುತ್ತಿರುವುದೇನು? ಮತ್ತದೇ ಒಣ ಬೈಹುಲ್ಲು. ಯಾವುದರಿಂದ ಅಪರಾಧ ನಡೆಯಿತೋ ಅದನ್ನೇ ಶಿಕ್ಷೆಯಾಗಿ ಬಡಿಸುವ ನ್ಯಾಯ ತಮ್ಮ ಇಲಾಖೆಗೇ ಮೀಸಲಿರಲಿ. ಇನ್ನು ನಗುವ ಮಾತಲ್ಲ: ಆಕೆ ಇಂದೋ ನಾಳೆಯೋ ಕರು ಹಾಕುವವಳು. ಮೈಯಲ್ಲಿ ಉಳಿದ ಸುಣ್ಣವೂ ಹಾಲಿಗೆ ಹರಿದರೆ, ಮಲಗಿದವಳು ಮತ್ತೆ ಏಳಲಾರಳು. ಅಂದು ಜತ್ತಪ್ಪನವರಿಗೆ ಎದುರುತ್ತರ ಕೊಟ್ಟ ಉಮ್ಮ ಇಂದು ದೊಡ್ಡಿಯ ಬೇಲಿ ಹಿಡಿದು ನಿಂತಿದ್ದಾರೆ.

ಆಕೆಯನ್ನು ಇಂದೇ ಬಿಡುಗಡೆ ಮಾಡಿ. ಬೈಹುಲ್ಲನ್ನು ನೆನೆಸಿ, ಆ ನೀರು ಚೆಲ್ಲಿ, ಹಸಿಸೊಪ್ಪು ಬೆರೆಸಿ ಕೊಡಬೇಕೆಂದು ಮುಂದಿನ ಕರಪತ್ರದಲ್ಲಿ ಅಚ್ಚು ಹಾಕಿಸಿ. ಗೋಡೆಯ ಚಿಂತೆ ಬೇಡ; ಎಮ್ಮೆ ಹಟ್ಟಿ ಸೇರಿದ ಮರುದಿನವೇ ನಾನೇ ಬಂದು ಬಳಿದುಕೊಡುತ್ತೇನೆ.

ಇಂತಿ,
ಪ್ರನಾಳ ಬಿಟ್ಟು ಸುಣ್ಣದ ಕುಂಚ ಹಿಡಿಯಲು ಸಿದ್ಧಳಾಗಿರುವ,
ಪ್ರಥಮ ಸ್ಥಾನದ ಝೈನಬ,
ಬೆಳ್ಳಾರೆ